ನೆಟ್ಟಗಿದ್ದ ನಾಲ್ಕು ಕೋಲು

ಎಪ್ಪತ್ತರ ದಶಕದಲ್ಲಿ ಕಿತ್ತೂರಿನ ಮಕ್ಕಳಿಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದೆ. ಬಾಣಕ್ಕೆ ಗಟ್ಟಿಮರದ ಕೋಲು ಬೇಕೆಂದು ಬೈಲಹೊಂಗಲದ ಬಡಿಗ ಹುಸೇನಸಾಬರ ಬಳಿ ಹೋದೆ. ರಾಶಿಯಲ್ಲಿ ಒಂದೊಂದನ್ನೂ ಒಂದು ಕಣ್ಣು ಮುಚ್ಚಿ ನೋಡಿ, ನೆಟ್ಟಗಿದ್ದ ನಾಲ್ಕನ್ನು ಆರಿಸಿದೆ. ಸಾಬರು ಅವನ್ನು ಒಂದೊಂದಾಗಿ ಬಗ್ಗಿಸಿದರು. ನಾಲ್ಕೂ ಲಟಕ್ಕನೆ ಮುರಿದವು.

“ಏನ್ರಿ ಇದು!” ಎಂದು ರೇಗಿದೆ.

“ಮಾಸ್ತರ, ಮ್ಯಾಲ ನೆಟ್ಟಗ ಅದಾವ್ರಿ, ಒಳಗ ಮರದ ಎಳಿ ಅಡ್ಡ ಹೋಗ್ಯಾವ. ಬಿಲ್ಲಿನಾಗ ಮುರದ್ರ ಚೂರು ಬಾಣ ಬಿಟ್ಟಾಂವನ ಕೈಯಾಗ ಹೊಗತೈತಿ. ಸಣ್ಣಾಂವ ಇದ್ದಾಗ ನನಗ ಹೊಕ್ಕಿತ್ರಿ,” ಎಂದು ಎಡಗೈ ಚಾಚಿದರು. ಹೆಬ್ಬೆರಳು ಮಡಚುತ್ತಿರಲಿಲ್ಲ.

ಮಕ್ಕಳ ಕೈಗಳು ಕಣ್ಣಮುಂದೆ ಬಂದವು.

ಬೇರೆ ಕೋಲುಗಳನ್ನು ಅವರೇ ಬಗ್ಗಿಸಿ ನೋಡಿ ಕೊಟ್ಟರು. ನಾನು ಆರಿಸಿದ್ದವು ಒಲೆಗೆ ಹೋದವು. ಆ ಉರಿಯಲ್ಲಿ ಕಾಸಿದ ಚಹಾ ಮಾತ್ರ ಚಲೋ ಇತ್ತು.