ಅಟ್ಟದ ಮೇಲೆ ಒಣಗಿದ ಬೂಟು

ನಮ್ಮ ಭಾವನ ಅಂಗಾಲು ಎತ್ತಿನ ಗೊರಸಿನಷ್ಟು ಗಟ್ಟಿ. ಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯೋದು. ಅರಸೀಕೆರೆ ಸ್ಟೇಷನ್ನಿನಲ್ಲಿ ಕೊಬ್ಬರಿ ಮೂಟೆ ಹೊತ್ತು ವ್ಯಾಗನ್ನಿಗೆ ತುಂಬುವ ಕೂಲಿ ಅವರದು. ಅದೇ ಬರಿಗಾಲಲ್ಲಿ ಊರಿನ ಟೀಮಿಗೆ ಫುಟ್‌ಬಾಲ್ ಆಡೋರು.

ನನ್ನ ಗಂಡನ ಅಣ್ಣ. ಮೈಸೂರು ರಾಜ್ಯ ಅಂತಿದ್ದ ಕಾಲ, ನಾನು ಮದುವೆಯಾಗಿ ಬಂದ ಹೊಸತು. ಭಾವನ ಎದುರು ನಿಂತು ಮಾತಾಡುವ ಹಾಗಿಲ್ಲ. ಅವರೂ ನನಗೆ ಹೇಳೋದನ್ನು ಒಲೆ ಕಡೆ ನೋಡಿ ಹೇಳೋರು: "ಇನ್ನೊಂದು ಮುದ್ದೆ ಬರ್ಲಿ." ಮುದ್ದೆ ತಾನೇ ನಡೆದು ಬರುತ್ತೇನೋ ಅನ್ನೋ ಹಾಗೆ.

ಆ ವರ್ಷ ನಮ್ಮ ಟೀಮು ಬೆಂಗಳೂರಿನ ಎರಡನೇ ಡಿವಿಷನ್ ಲೀಗಿನಲ್ಲಿತ್ತು. ಭಾನುವಾರ ಭಾನುವಾರ ರೈಲು ಹತ್ತಿ ಹೋಗಿ ಗೆದ್ದು ಬರೋರು. ಕೊನೇ ಆಟ ಗೆದ್ದರೆ ಮೊದಲನೇ ಡಿವಿಷನ್. ಯಾವುದೋ ಕಾರ್ಖಾನೆಯ ಸಾಹೇಬ ಭಾವನಿಗೆ, "ನಮ್ಮ ಟೀಮಿಗೆ ಬಾ, ಖಾಯಂ ಕೆಲಸ ಕೊಡ್ತೀವಿ. ಆದ್ರೆ ಕೊನೇ ಆಟ ಬೂಟು ಹಾಕ್ಕೊಂಡು ಆಡಿ ತೋರಿಸು" ಅಂದನಂತೆ. ಆಡೋದು ಕಾಲಾ, ಬೂಟಾ? ಅವನ ತಲೆಗಿಷ್ಟು.

ಭಾವ ಎಲ್ಲಿಂದಲೋ ಒಂದು ಜೊತೆ ಬೂಟು ತಂದರು. ನಮ್ಮ ಮನೆಯಲ್ಲಿ ಬೂಟು ಕಂಡವರೇ ಇಲ್ಲ. ಗುರುವಾರ ಮಳೆಯಲ್ಲಿ ಆಡಿ ಬಂದು, ನೆನೆದ ಬೂಟು ಅಡುಗೆಮನೆ ಬಾಗಿಲಲ್ಲಿಟ್ಟು, "ಇದು ಒಣಗ್ಬೇಕು" ಅಂದರು, ಒಲೆಗೆ. ಹೇಗೆ ಅಂತ ನಾನು ಕೇಳುವ ಹಾಗಿಲ್ಲ. ನಮ್ಮಲ್ಲಿ ಒಣಗಬೇಕಾದ್ದೆಲ್ಲ ಒಲೆ ಮೇಲಿನ ಅಟ್ಟಕ್ಕೆ. ಕೊಬ್ಬರಿ ಪಕ್ಕ ಇಟ್ಟೆ. ಚೆನ್ನಾಗಿ ಒಣಗಲಿ ಅಂತ ಎರಡು ದಿನ ಸೌದೆ ಬೇರೆ ಜಾಸ್ತಿ ತುರುಕಿದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಬೂಟು ಮುರುಟಿ ಕರಟದ ಹಾಗಾಗಿತ್ತು. ಭಾವ ಅಟ್ಟದ ಕಡೆ ಒಂದು ಸಲ ನೋಡಿದರು. ಬೂಟನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿಗೆ ಓಡಿದರು.

ಆಟ ನೋಡೋಕೆ ಹೋಗಿದ್ದ ನನ್ನ ಗಂಡ ಬಂದು ಹೇಳಿದ್ದು: ಅರ್ಧ ಆಟದವರೆಗೂ ಕುಂಟಿದರಂತೆ, ಹಿಮ್ಮಡಿ ಕಿತ್ತು ರಕ್ತ. ಆಮೇಲೆ ಬೂಟು ಕಿತ್ತೆಸೆದು ಬರಿಗಾಲಲ್ಲಿ ಗೋಲು ಹೊಡೆದರಂತೆ. ಟೀಮು ಗೆದ್ದಿತು. ಆದರೆ ಬೂಟು ಬಿಚ್ಚಿದ್ದು ಕಂಡಕೂಡಲೇ ಸಾಹೇಬ ಎದ್ದು ಹೋಗಿದ್ದ. ನಮ್ಮ ಟೀಮಿನ ಸೆಕ್ರೆಟರಿ ಏನು ಕಡಿಮೆ? ಮುಂದಿನ ವರ್ಷ, "ಮೊದಲನೇ ಡಿವಿಷನ್ನಿಗೆ ಬರಿಗಾಲು ಮರ್ಯಾದೆ ಅಲ್ಲ" ಅಂತ ಭಾವನನ್ನೇ ಕೈಬಿಟ್ಟ. ಟೀಮನ್ನು ಮೇಲಕ್ಕೆ ಹತ್ತಿಸಿದ್ದೇ ಆ ಕಾಲು. ಥೂ!

ಭಾವ ಮುದುಕರಾಗುವವರೆಗೂ ಮೂಟೆ ಹೊತ್ತರು. ಅಟ್ಟದ ಸಂಗತಿ ನಮ್ಮತ್ತೆಗೆ ಗೊತ್ತಿಲ್ಲ. ಮಗ ಉಣ್ಣೋಕೆ ಕೂತಾಗೆಲ್ಲ ಶುರು: "ಕಾಲಿನಳತೆ ಗೊತ್ತಿಲ್ದೆ ಬೂಟು ತಂದ್ಯಲ್ಲೋ, ದಂಡಪಿಂಡ!"

"ಹೂಂ ಕಣವ್ವ, ಚಿಕ್ಕದಾಯ್ತು."

ನಾನು ಅಲ್ಲೇ ಸಾರು ಬಡಿಸುತ್ತಿದ್ದೆ. ಅತ್ತೆ ಸಾಯುವವರೆಗೂ ಇದೇ ಮಾತು, ಇದೇ ಜವಾಬು.

ಭಾವ ಹಾಸಿಗೆ ಹಿಡಿದಾಗ ಗಂಜಿ ತಗೊಂಡು ಹೋದವಳು ಮುಖ ನೋಡಿಯೇ ಕೇಳಿಬಿಟ್ಟೆ, "ಬೂಟು ಕೆಡಿಸಿದ್ದು ನಾನು ಅಂತ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನಮ್ಮವ್ವ ನಿನ್ನ ತೌರಿಗೆ ಓಡಿಸ್ತಿದ್ಲು. ನನ್ ತಮ್ಮ ಒಂಟಿಯಾಗೋನು. ಬಿಡು ಅತ್ಲಾಗೆ... ಗಂಜಿಗೆ ಉಪ್ಪಾಕಿಲ್ಲ ನೀನು."

ಮೂರನೇ ದಿನ ಹೋದರು. ಒಳ್ಳೇ ಮನುಷ್ಯ ಅಂತ ಊರೆಲ್ಲ ಅತ್ತಿತು. ನಾನು ಅಳಲಿಲ್ಲ. ಅವತ್ತೇ ಒಂದು ಸಲ ಬೈದಿದ್ದರೆ ನನ್ನ ತಪ್ಪು ಅಲ್ಲಿಗೇ ಮುಗಿಯುತ್ತಿತ್ತು. ಬೈಯದೇ ಹೋದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.