ತೂಕದ ಹೆಸರು

ದೆಹಲಿಯ ಓಖ್ಲಾದ ನಮ್ಮ ಕಾಲ್‌ ಸೆಂಟರಿನಲ್ಲಿ ಹೊಸಬರಿಗೆ ಇಂಗ್ಲಿಷ್ ಹೆಸರು ಹಂಚಲೆಂದೇ ಒಬ್ಬ ತರಬೇತುದಾರನಿದ್ದ. ದೆಹಲಿಯಲ್ಲೇ ಬೆಳೆದ ಕನ್ನಡಿಗ. ಬಿಸಿ ಪಾತ್ರೆಯನ್ನು ಹಿಡಿದಂತೆ ಕನ್ನಡವನ್ನು ತುದಿಬೆರಳಲ್ಲಿ ಹಿಡಿದು ಮಾತಾಡುತ್ತಿದ್ದ. ಇಂಗ್ಲೆಂಡನ್ನು ಕಂಡವನಲ್ಲ. ಆದರೂ ಪ್ರತಿ ಹೆಸರು ಕೊಡುವ ಮೊದಲು ಟೈ ಸರಿಮಾಡಿಕೊಂಡು, ನಾಮಕರಣದ ಪುರೋಹಿತನ ಗತ್ತಿನಲ್ಲಿ, "ಹೆಸರಿಗೆ ತೂಕ ಬೇಕು" ಎನ್ನುತ್ತಿದ್ದ.

ನನ್ನ ಅರ್ಜಿಯಲ್ಲಿದ್ದ 'ಕಮ್ಮಾರ' ಎಂಬ ಅಡ್ಡಹೆಸರು ಓದಿ ಮೂಗು ಮುರಿದ. "ಅಚ್ಛಾ, ಲೋಹಾರ್!" ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ನಕ್ಕ. ತರಗತಿಯೂ ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, "ಕಸುಬನ್ನ ಯಾರಾದ್ರೂ ಸರ್‌ನೇಮ್ ಮಾಡ್ಕೋತಾರೇನ್ರೀ? ಇಂಗ್ಲಿಷ್‌ನೋರ ಹೆಸರು ನೋಡಿ, ಎಲ್ಲಾ ಖಾನ್ದಾನಿ, ದೊಡ್ಡ ಮನೆತನದ್ದು" ಎಂದ.

ಗದಗಿನಲ್ಲಿ ಕುಲುಮೆಯ ಮುಂದೆ ಕೂತು ನನ್ನನ್ನು ಓದಿಸಿದ ಅಪ್ಪನ ಹೆಸರು ಅದು. ತರಬೇತುದಾರ ಅದರ ಮೇಲೆ ಕೆಂಪು ಗೀಟು ಎಳೆದು, ಟೈ ಸರಿಮಾಡಿಕೊಂಡು, ಬಿರುದು ದಯಪಾಲಿಸುವವನಂತೆ 'ಸ್ಮಿತ್' ಎಂದು ಬರೆದ.

"ಸ್ಮಿತ್ ಅಂದ್ರೂ ಕಮ್ಮಾರ ಅಂತನ ಅರ್ಥರೀ, ಸರ್," ಎಂದೆ.

ನಂಬಲಿಲ್ಲ. ಮೊಬೈಲಿನಲ್ಲಿ ಹುಡುಕಿದ, ಓದಿದ, ಇನ್ನೊಮ್ಮೆ ಓದಿದ. ತರಗತಿ ಈಗ ಅವನನ್ನೇ ನೋಡುತ್ತಿತ್ತು. ಮುಖ ಸಣ್ಣದಾಗುತ್ತದೆಂದು ಕಾದೆ. ಆ ಮನುಷ್ಯನಿಗೆ ನಾಚಿಕೆಯನ್ನೂ ಇಂಗ್ಲಿಷಿನಲ್ಲೇ ಕಲಿಸಬೇಕಿತ್ತೋ ಏನೋ, ಅದು ಬರಲೇ ಇಲ್ಲ. ಮತ್ತೆ ಟೈ ಸರಿಮಾಡಿಕೊಂಡ.

"ಇರ್ಬಹುದು ರೀ," ಎಂದ. "ಆದ್ರೆ ಅಲ್ಲಿಯ ಕಬ್ಬಿಣ ಬೇರೆ. ಅದಕ್ಕೆ ತೂಕ ಇರುತ್ತೆ."