ಮೂರು ಕುರ್ಚಿಯಲ್ಲಿ ಒಬ್ಬಳೇ ತಬಸ್ಸುಮ

ಶಿರಹಟ್ಟಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಗದಗಿಗೆ ಬರುವ ತಬಸ್ಸುಮಳಿಗೆ ಆಫೀಸಿಗೆ ಕಾಲಿಡುವಷ್ಟರಲ್ಲಿ ಸಾಕುಸಾಕಾಗಿರುತ್ತಿತ್ತು. ಆದರೂ ಪುಂಡಲೀಕಪ್ಪ ಸಾಹುಕಾರರ ಬೀಜದ ಆಫೀಸಿನ ಬೀಗ ತೆಗೆಯುವವಳು ಅವಳೇ. ಕಸ ಹೊಡೆದು, ಕುಡಿಯುವ ನೀರು ತುಂಬಿಸಿ, ಮೂರೂ ಕಂಪ್ಯೂಟರು ಚಾಲೂ ಮಾಡಿಟ್ಟರೆ ಮುಂಡರಗಿ ಕಡೆಯ ಆರ್ಡರು ನೋಡುವ ಹೊನ್ನೇಶ, ಲೆಕ್ಕ ಬರೆಯುವ ವಿದ್ಯಾಶ್ರೀ ಇಬ್ಬರೂ ಬಂದು ಬೀಗರ ಹಾಗೆ ಕೂರುತ್ತಿದ್ದರು. ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ದುಡಿದು ರೂಢಿಯಾದ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ, ಅಷ್ಟೇ.

ಬೇಸಿಗೆಯಲ್ಲಿ ಒಂದು ಕಂಪ್ಯೂಟರು ಕೆಟ್ಟು, ಅದರೊಳಗಿದ್ದ ಮುಂಡರಗಿ ಅಂಗಡಿಗಳ ಆರ್ಡರುಗಳೆಲ್ಲ ಹೋದವು. ಸಾಹುಕಾರರು ಬೆಟಗೇರಿಯ ಶಫೀಕನನ್ನು ಕರೆಸಿದರು. ಅವನು ಎಲ್ಲರ ಫೈಲು ಒಂದೇ ಕಡೆ ಇಡುವ ಸರ್ವರು ಎಂಬ ಇನ್ನೊಂದು ಯಂತ್ರ ಕೂಡಿಸಿ ಹೊಸ ಏರ್ಪಾಡು ಮಾಡಿಕೊಟ್ಟ. ಯಾವ ಕಂಪ್ಯೂಟರಿನ ಮುಂದೆ ಕೂತು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿದರೂ ಅವರವರ ಫೈಲು ಸರ್ವರಿನಿಂದ ಅಲ್ಲಿಗೇ ಬರಬೇಕು. ಎದ್ದು ಹೋಗುವಾಗ ಮರಳಿ ಸರ್ವರು ಸೇರಬೇಕು. "ನಿಮ್ಮ ನಿಮ್ಮ ಹೆಸರ ಹಾಕ್ರಿ" ಎಂದು ಹೇಳಿ ಹೋದ. ಹೊನ್ನೇಶ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಮರುದಿನ ತಬಸ್ಸುಮ ಎಂದಿನಂತೆ ಮೂರೂ ಕಂಪ್ಯೂಟರು ಚಾಲೂ ಮಾಡಿದಳು. ಉಳಿದವರ ಪಾಸ್‌ವರ್ಡ್ ಗೊತ್ತಿರಲಿಲ್ಲ. ಬಂದವರಿಗೆ ತ್ರಾಸಾಗದಿರಲಿ ಎಂದು ಮೂರಕ್ಕೂ ತನ್ನ ಹೆಸರನ್ನೇ ಹಾಕಿಟ್ಟಳು. ಅವರು ಬಂದರು, ಕೂತರು, ಕೆಲಸ ಶುರು ಮಾಡಿದರು. ದಿನವೂ ಇದೇ ರೂಢಿಯಾಯಿತು.

ಅಲ್ಲಿಂದ ಅವಳ ಗ್ರಹಚಾರ ಕೆಟ್ಟಿತು. ಶಿರಹಟ್ಟಿ, ಲಕ್ಷ್ಮೇಶ್ವರದ ಆರ್ಡರುಗಳನ್ನು ಸಂಜೆಯೊಳಗೆ ತುಂಬಿಟ್ಟು ಬಸ್ಸಿಗೆ ಓಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಹೊನ್ನೇಶ ತುಂಬಿದ ಮುಂಡರಗಿ ಆರ್ಡರು ಇದೆ, ತನ್ನ ಜಾಗ ಖಾಲಿ. ಮಳೆ ಬಿದ್ದು ಬಿತ್ತನೆ ಶುರುವಾಗಿತ್ತು. ಲಕ್ಷ್ಮೇಶ್ವರದವರು ಫೋನ್ ಮಾಡಿ, "ಗೋವಿನಜೋಳದ ಬೀಜ ಎಲ್ಲಿ ಬಂದಾವ್ರಿ?" ಎಂದು ರೇಗುತ್ತಿದ್ದರು.

"ಏನವಾ ತಬಸ್ಸುಮ, ಮೊದಲ ಹಿಂಗ ಇರ್ಲಿಲ್ಲಲ್ಲ ನೀ?" ಎಂದರು ಸಾಹುಕಾರರು.

ಬೈದಿದ್ದರೆ ವಾಸಿಯಿತ್ತು. ಅವಳ ತಾಯಿ ಅಮೀನಬಿಯ ಮರೆವೂ ಹೀಗೇ ಶುರುವಾಗಿತ್ತು. ಮೊದಲು ಸಾರಿಗೆ ಎರಡು ಸಲ ಉಪ್ಪು, ಆಮೇಲೆ ಹಚ್ಚಿಟ್ಟ ಒಲೆ, ಈಗ ಮನುಷ್ಯರ ಮುಖ. ತಾಯಿ ತನ್ನ ಗುರುತು ಹಿಡಿಯದಿದ್ದಾಗಲೆಲ್ಲ ತಬಸ್ಸುಮ, "ನಾನs ಅಲ್ಲೇನಮ್ಮಾ!" ಎಂದು ಚೀರುತ್ತಿದ್ದಳು. ಚೀರುತ್ತಿದ್ದದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅಣ್ಣನ ಮಕ್ಕಳ ಹೆಸರನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಕೊನೆಗೆ, ಈ ತಿಂಗಳು ಮುಗಿಸಿ ಕೆಲಸ ಬಿಟ್ಟುಬಿಡುವುದೆಂದು ನಿರ್ಧರಿಸಿದಳು.

ಅಷ್ಟರಲ್ಲಿ ಪ್ರಿಂಟರು ಕೆಟ್ಟಿತೆಂದು ಶಫೀಕ ಬಂದ. ಅವನ ಕಣ್ಣು ಮೂರೂ ಪರದೆಗಳ ಮೇಲೆ ಹರಿದು ಅಲ್ಲೇ ನಿಂತಿತು.

"ಆಪಾ, ಮೂರೂ ಕುರ್ಚ್ಯಾಗ ನೀವ ಕುಂತೀರಲ್ರಿ!"

ಅವಳಿಗೆ ತಿಳಿಯಲಿಲ್ಲ.

"ಮೂರರಾಗೂ ನಿಮ್ಮ ಹೆಸರ ಐತಿ. ನೀವೂ ಹೊನ್ನೇಶಣ್ಣನೂ ತುಂಬೋದು ಒಂದ ಫೈಲು. ನೀವು ಬಸ್ಸಿಗಂತ ಜಲ್ದಿ ಏಳ್ತೀರಿ, ಅಣ್ಣ ಕಡೀಕ ಏಳ್ತಾನ. ಕಡೀಕ ಎದ್ದವರದ್ದು ಉಳೀತೈತಿ, ನಿಮ್ಮದು ಅಳಿಸಿ ಹೊಕ್ಕೈತಿ."

"ಅಂದ್ರ ನಾ ಆರ್ಡರ್ ಹಾಕಿದ್ದು ಖರೆ?"

"ಖರೇನ ರೀ. ದಿನಾ ಹಾಕೀರಿ."

ತಬಸ್ಸುಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಲ್ಲರ ಮುಂದೆ, ನಾಚಿಕೆಯಿಲ್ಲದೆ, ಬಿಕ್ಕಿ ಬಿಕ್ಕಿ ಅತ್ತಳು. "ತಗದಿಟ್ಟಿದ್ರಿ, ನಾ ಕುಂತೆ" ಎಂದು ಗೊಣಗಿದ ಹೊನ್ನೇಶ. ಸಾಹುಕಾರರು ಚಹಾ ತರಿಸಿದರು. ತಪ್ಪಾಯಿತು ಎನ್ನುವ ಪದ್ಧತಿ ಅವರಲ್ಲಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಅವಳು ಯಾರ ಹೆಸರನ್ನೂ ಹೇಳಿಕೊಳ್ಳಲಿಲ್ಲ. ಕಂಬಿಗೆ ಒರಗಿ ನಿಂತಲ್ಲೇ ತೂಕಡಿಸಿದಳು.

ಮನೆಯ ಕಟ್ಟೆಯ ಮೇಲೆ ಅಮೀನಬಿ ದಾರಿ ನೋಡುತ್ತ ಕೂತಿದ್ದಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಜಾಗ ಬಿಟ್ಟು ಸರಿದಳು.

"ಬಾರವಾ, ಭಾಳ ದಣದಿ. ಕುಂಡ್ರು. ನಮ್ಮ ತಬಸ್ಸುಮ ಬರು ಹೊತ್ತಾತು. ಆಕಿನ ಕೂಡ ಚಾ ಕುಡದು ಹೋಗುವಂತಿ."

ತಬಸ್ಸುಮ ಚೀರಲಿಲ್ಲ.

"ಆತಮ್ಮಾ" ಎಂದು ಚಪ್ಪಲಿ ಬಿಟ್ಟು, ತಾಯಿಯ ಪಕ್ಕದಲ್ಲಿ ಕೂತು, ಅವಳೂ ದಾರಿ ನೋಡತೊಡಗಿದಳು.